ಶೇಂಗಾ ಕಾಳು ಮತ್ತು ಮಂಜಾಗದ ನೀರು

ಕುಂದಗೋಳ, ನವಲಗುಂದಗಳ ಕಡೆ ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿಪುಡಿ ಇಲ್ಲದಿದ್ದರೆ ಊಟಕ್ಕೆ ಕಳೆಯಿಲ್ಲ. ಆ ಕಾಳಿನೊಳಗೆ ಲೆಕ್ಟಿನ್ ಎಂಬ ಪ್ರೋಟೀನೊಂದು ಅಡಗಿದೆ. ಜೀವಕೋಶಗಳ ಮೈಮೇಲಿರುವ ಸಕ್ಕರೆಗಳನ್ನು ಗುರುತಿಸಿ ಹಿಡಿಯುವುದು ಅದರ ಗುಣ. ಆರೋಗ್ಯವಾದ ಕೋಶಗಳಲ್ಲಿ ಮರೆಯಾಗಿದ್ದು ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಬಯಲಾಗುವ ಸಕ್ಕರೆಯೊಂದನ್ನೂ ಅದು ಹಿಡಿಯಬಲ್ಲದು. (ಚಟ್ನಿ ತಿಂದರೆ ರೋಗ ವಾಸಿಯಾದೀತೆಂದು ಮಾತ್ರ ವಾಚಕರು ಭಾವಿಸಬಾರದು!) ಇದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದರು.

ಇಂಥ ರಚನೆಯನ್ನು ಅರಿಯುವುದು ಹೇಗೆ? ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಚದುರಿದ ಕಿರಣಗಳು ಮೂಡಿಸುವ ಚುಕ್ಕೆಗಳಿಂದ ಪರಮಾಣುಗಳ ನೆಲೆಯನ್ನು ಲೆಕ್ಕಹಾಕುವರು. ಆದರೆ ಹರಳಿನ ಗುಟ್ಟನ್ನು ಹೊರಗೆಡಹುವ ಕಿರಣವೇ ಹರಳಿನ ಮೃತ್ಯುವೂ ಹೌದು. ವಾರಗಟ್ಟಲೆ ಕಾದು ಬೆಳೆಸಿದ, ಸಾಸಿವೆಗಿಂತಲೂ ಚಿಕ್ಕದಾದ ಹರಳು, ಲೆಕ್ಕ ಮುಗಿಯುವ ಮೊದಲೇ ಕೆಟ್ಟುಹೋದರೆ ಸಂಶೋಧಕನ ಗತಿಯೇನು? ಕಡುಚಳಿಯಲ್ಲಿ ಇರಿಸಿದರೆ ಅದರ ಆಯುಷ್ಯ ಹತ್ತಾರು ಪಟ್ಟು ಹೆಚ್ಚುವುದು.

ತೊಡಕು ಇರುವುದು ನೀರಿನಲ್ಲಿ. ಪ್ರೋಟೀನಿನ ಹರಳಿನಲ್ಲಿ ಸುಮಾರು ಅರ್ಧ ಭಾಗ ನೀರೇ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ 9ರಷ್ಟು ಹಿಗ್ಗಿ, ಅಚ್ಚುಕಟ್ಟಾಗಿ ಸಾಲುಗೂಡಿದ ಅಣುಗಳನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಇದಕ್ಕೆ ಪರಿಹಾರ ನಮ್ಮ ಅಡಿಗೆಮನೆಯ ಗೃಹಿಣಿಗೆ ತಿಳಿಯದ್ದೇನಲ್ಲ. ಸಕ್ಕರೆಯ ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳು. ಗಟ್ಟಿಪಾಕವನ್ನು ಥಟ್ಟನೆ ಆರಿಸಿದರೆ ಗಾಜಿನಂಥ ಪೆಪ್ಪರ್‌ಮೆಂಟು. ನೀರಿನ ಅಣುಗಳಿಗೂ ಸಾಲುಗೂಡಲು ಬಿಡುವು ಕೊಡಬಾರದು, ಅಷ್ಟೆ. ಆದ್ದರಿಂದ ಹರಳನ್ನು ಗ್ಲಿಸರಿನ್ ಬೆರೆತ ದ್ರಾವಣದಲ್ಲಿ ಅದ್ದಿ, ಕೂದಲಿಗಿಂತ ತೆಳುವಾದ ನೈಲಾನ್ ಎಳೆಯ ಕುಣಿಕೆಯಿಂದ ಎತ್ತಿ, ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ಸಾರಜನಕದಲ್ಲಿ ಒಮ್ಮೆಲೇ ಮುಳುಗಿಸುವರು. ನೀರು ಗಾಜಿನಂತಾಗುತ್ತದೆ, ಮಂಜಾಗುವುದಿಲ್ಲ. ಇದನ್ನು 'ಹೆಪ್ಪುಗಟ್ಟಿಸುವುದು' ಎಂದು ಕರೆಯುವ ರೂಢಿ ನನಗಂತೂ ಒಪ್ಪಿಗೆಯಿಲ್ಲ. ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಇಲ್ಲಿಯ ಜಾಣ್ಮೆ.

ಜೀವಕೋಶದಲ್ಲಿ ಪ್ರೋಟೀನನ್ನು ನೇಯುವ ರೈಬೋಸೋಮಿನ ಹರಳುಗಳಂತೂ ಕಿರಣ ಬಿದ್ದೊಡನೆ ಹಾಳಾಗುತ್ತಿದ್ದವು. ಇಸ್ರೇಲಿನ ಅದಾ ಯೊನಾಥ್ ಎಂಬ ವಿದುಷಿ 1980ರ ದಶಕದಲ್ಲಿ ಹೋಕನ್ ಹೋಪ್ ಎಂಬವರೊಡನೆ ಸೇರಿ ಅವನ್ನು ಈ ಉಪಾಯದಿಂದಲೇ ಉಳಿಸಿಕೊಂಡರು. ಮುಂದೆ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನಮ್ಮ ದೇಶದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರೂ ಅದರ ಸಹಭಾಗಿಗಳು.

ಹೀಗೆ ತಣಿಸಿದ ಹರಳನ್ನು ದ್ರವ ಸಾರಜನಕದ ತಂಪು ಹಿಡಿದಿಡುವ ಪಾತ್ರೆಯಲ್ಲಿಟ್ಟು ಸಾವಿರಾರು ಮೈಲಿ ದೂರದ ಪ್ರಬಲ ಕಿರಣಯಂತ್ರಗಳಿಗೂ ಕಳುಹಿಸಬಹುದು. ಇಂದೋರಿನಲ್ಲಿಯೂ ಅಂಥದೊಂದಿದೆ, ಅದರ ಹೆಸರು ಇಂಡಸ್-2.