ಓಕೆ ಹುಟ್ಟಿದ ತಾರೀಖು

‘ಸಾಹೇಬರು ಓಕೆ ಮಾಡಿದ್ರು’ ಎಂದರೆ ಮಂಜೂರಾತಿ. ‘ಸಿನಿಮಾ ಓಕೆ’ ಎಂದರೆ ಪರವಾಗಿಲ್ಲ, ದುಡ್ಡು ಕೊಟ್ಟು ನೋಡುವಂಥದ್ದೇನಲ್ಲ. ‘ಓಕೆ, ಇಡ್ಲಾ?’ ಎಂದರೆ ಫೋನ್ ಮಾತು ಮುಗಿಯಿತು. ಕನ್ನಡದಲ್ಲಿ ಹೀಗೆ ಬೇರೂರಿರುವ ಈ ಇಂಗ್ಲಿಷ್ ಪದದ ಹುಟ್ಟಿನ ಬಗ್ಗೆ ಕತೆಗಳಿಗೇನೂ ಬರವಿಲ್ಲ. ಗ್ರೀಕ್ ಮೇಷ್ಟ್ರುಗಳು ಉತ್ತರಪತ್ರಿಕೆಯ ಮೇಲೆ ಬರೆಯುತ್ತಿದ್ದ ‘ಓಲಾ ಕಾಲಾ’ದಿಂದ ಬಂತು ಎನ್ನುವವರಿದ್ದಾರೆ, ತಂತಿ ಕಚೇರಿಯ ಸಂಕೇತ ಎನ್ನುವವರಿದ್ದಾರೆ. ಅಮೆರಿಕದ ಮೂಲನಿವಾಸಿಗಳಾದ ಚೊಕ್ಟಾ ಜನರ ಮಾತೆಂದು ನಂಬಿದ ಅಧ್ಯಕ್ಷ ವುಡ್ರೊ ವಿಲ್ಸನ್ ಕಡತಗಳ ಮೇಲೆ ಆ ಚೊಕ್ಟಾ ಮಾತಿನ ಕಾಗುಣಿತದಲ್ಲೇ ಒಪ್ಪಿಗೆ ಬರೆಯುತ್ತಿದ್ದರು. ಕತೆಗಳೆಲ್ಲ ಚೆನ್ನಾಗಿಯೇ ಇವೆ. ಆದರೆ ಕತೆ ಚೆನ್ನಾಗಿರುವುದು ಸಾಕ್ಷ್ಯವಲ್ಲ.

ಸಾಕ್ಷ್ಯ ಸಿಕ್ಕಿರುವುದು ಹಳೆಯ ಪತ್ರಿಕೆಗಳಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಅವುಗಳನ್ನು ಜಾಲಾಡಿ 1963–64ರಲ್ಲಿ ‘ಅಮೆರಿಕನ್ ಸ್ಪೀಚ್’ ನಿಯತಕಾಲಿಕದಲ್ಲಿ ಸಾಲು ಲೇಖನಗಳನ್ನು ಬರೆದರು. ಬಾಸ್ಟನ್ನಿನ ಪತ್ರಕರ್ತರಿಗೆ 1838ರ ಸುಮಾರಿಗೆ ಒಂದು ಚಾಳಿ ಹತ್ತಿತ್ತು: ಮಾತನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದುಕೊಂಡು, ಅದರ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. ‘ಆಲ್ ರೈಟ್’ ಎಂಬುದು ಓ.ಡಬ್ಲ್ಯು. ಆಯಿತು, ‘ನೋ ಗೋ’ ಕೆ.ಜಿ. ಆಯಿತು. ‘ಆಲ್ ಕರೆಕ್ಟ್’ ಎಂಬುದರ ಎರಡೂ ಮೊದಲಕ್ಷರಗಳನ್ನು ಕೆಡಿಸಿದಾಗ ಬಂದದ್ದು ಓ.ಕೆ. ಅದು ಅಚ್ಚಾಗಿರುವುದು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ. ಪಕ್ಕದಲ್ಲೇ ಅದರ ಅರ್ಥವನ್ನೂ ಕೊಟ್ಟಿದ್ದಾರೆ. ಓದುಗರಿಗೆ ಗೊತ್ತಿರಲಾರದು ಎಂಬ ಅನುಮಾನ ಸಂಪಾದಕರಿಗೇ ಇತ್ತು ಎಂದಾಯಿತು. ಮೋರ್ಸನ ತಂತಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಹೊರಟದ್ದು 1844ರಲ್ಲಿ. ತಂತಿಯ ಕತೆ ಅಲ್ಲಿಗೇ ಬಿತ್ತು.

ಜೊತೆಗೆ ಹುಟ್ಟಿದವೆಲ್ಲ ಸತ್ತು ಇದೊಂದೇ ಉಳಿದದ್ದಕ್ಕೆ ಕಾರಣ ಚುನಾವಣೆ. ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವರು. 1840ರಲ್ಲಿ ಬೆಂಬಲಿಗರು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿಗಳು ಬಿಡುತ್ತಾರೆಯೇ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಕಾಗುಣಿತ ಬಾರದು, ಈ ಪದ ಅವರದೇ ತಪ್ಪು ಎಂದು ಗುಲ್ಲೆಬ್ಬಿಸಿದರು. ಇಂದಿಗೂ ಓಡಾಡುವ ಜಾಕ್ಸನ್ ಕತೆಯ ಮೂಲ ಆ ಪ್ರಚಾರದ ಕುಹಕ. ವಾನ್ ಬ್ಯೂರೆನ್ ಸೋತರು, ಪದ ಗೆದ್ದಿತು.

ಬಾಸ್ಟನ್ ಮೂಲದ ಈ ವಾದಕ್ಕೊಂದು ಗಟ್ಟಿ ಆಕ್ಷೇಪವಿದೆ. ಅಚ್ಚಿನ ಮೊಳೆ ಇದ್ದದ್ದು ಬಿಳಿಯರ ಕೈಯಲ್ಲಿ. ಚೊಕ್ಟಾ ಜನರು, ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಆಡಿದ್ದನ್ನು ಯಾರು ಬರೆದಿಟ್ಟರು? ಆಫ್ರಿಕಾದ ವೊಲೋಫ್ ಭಾಷೆಯಲ್ಲೂ ‘ಹೌದು’ ಎನ್ನಲು ಇದನ್ನು ಹೋಲುವ ಮಾತಿದೆ ಎಂಬ ವಾದವನ್ನು ನಕ್ಕು ತಳ್ಳುವಂತಿಲ್ಲ. ಆದರೆ ದನಿಯ ಹೋಲಿಕೆ ಎಲ್ಲಿ ಬೇಕಾದರೂ ಸಿಗುತ್ತದೆ. ಎರಡಕ್ಷರದ ಪದಕ್ಕಂತೂ ಸಲೀಸು. ಅಲ್ಲಿಂದ ಇಲ್ಲಿಗೆ ಬಂದ ದಾರಿ ತೋರಿಸಬೇಕು. ಬಾಸ್ಟನ್ನಿನ ಓ.ಕೆ.ಗೆ ದಾರಿಯೂ ಇದೆ, ತಾರೀಖೂ ಇದೆ, ಒಡಹುಟ್ಟಿದ ಸಂಕ್ಷಿಪ್ತಗಳೂ ಇವೆ. ನಾಳೆ ಇದಕ್ಕಿಂತ ಹಳೆಯ ದಾಖಲೆ ಸಿಕ್ಕರೆ ತೀರ್ಪು ಬದಲಾಗಲಿ. ಅಲ್ಲಿಯವರೆಗೆ ಅನುಕಂಪವನ್ನು ಪುರಾವೆ ಎಂದುಕೊಳ್ಳುವುದು ಬೇಡ.

ನಮ್ಮಲ್ಲಿಯೂ ಇಂಥ ತಕರಾರು ಉಂಟು. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದಕ್ಕೆ ಬೆಂದಕಾಳೂರು, ಅದೇ ಬೆಂಗಳೂರು ಎಂದು ಈಗಲೂ ಬರೆಯುತ್ತಾರೆ. ಈ ವೀರಬಲ್ಲಾಳ, ಅಂದರೆ ಇಮ್ಮಡಿ ಬಲ್ಲಾಳ, ಆಳಿದ್ದು 12ನೇ ಶತಮಾನದ ಕೊನೆಗೆ. ಬೆಂಗಳೂರು ಕಾಳಗವನ್ನು ಹೆಸರಿಸುವ ಬೇಗೂರಿನ ಗಂಗರ ಕಾಲದ ಶಾಸನ ಸುಮಾರು ಕ್ರಿ.ಶ. 900ರದು.

ಪದಮೂಲದ ಬಗ್ಗೆ ಬರೆದು ಕಳಿಸುವ ಲೇಖಕರಲ್ಲಿ ಆದ್ದರಿಂದ ಒಂದು ವಿನಂತಿ: ಆ ಪದ ಮೊದಲು ಯಾವ ಬರಹದಲ್ಲಿ, ಯಾವ ಇಸವಿಯಲ್ಲಿ ಸಿಕ್ಕಿತು ಎಂಬುದನ್ನು ಲೇಖನದ ಜೊತೆಗೇ ತಿಳಿಸಿ.