ಸೋರುವ ನಾಲೆಗೂ ವಾರಸುದಾರರಿದ್ದಾರೆ: ರಾಜಲಬಂಡಾ ಕಥೆ ಸಂತೆಮರಹಳ್ಳಿಗೆ ಯಾಕೆ ಬೇಕು?

ಸಂತೆಮರಹಳ್ಳಿ: ನಾಲೆ ರಿಪೇರಿ ಅಂದ ಕೂಡಲೇ ಕಣ್ಣಿಗೆ ಬರೋದು ಜೆಸಿಬಿ, ಜಲ್ಲಿ, ಸಿಮೆಂಟು, ಆಮೇಲೆ ಅಂದಾಜು ಮೊತ್ತ ಬರೆದ ಬೋರ್ಡು. ದುಡ್ಡು ಬಿಡುಗಡೆ ಆದ್ರೆ ಕೆಲಸ ಆದಂಗೆ ಅನ್ನೋದು ಟೀ ಅಂಗಡಿ ಲೆಕ್ಕ. ಆದರೆ ದುಡ್ಡಿದ್ದೂ, ರಾಜ್ಯಗಳ ನಡುವೆ ಮಾತಾಗಿದ್ದೂ, ನ್ಯಾಯಮಂಡಳಿ ಹಂಚಿಕೆ ಮಾಡಿದ್ದೂ ವರ್ಷಗಟ್ಟಲೆ ರಿಪೇರಿ ಮುಗಿಯದ ವ್ಯವಸ್ಥೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಅದು ರಾಯಚೂರು ಜಿಲ್ಲೆಯ ರಾಜಲಬಂಡಾ ತಿರುವು ನಾಲೆ. ನಮಗೂ ಅದಕ್ಕೂ ನೂರಾರು ಕಿಲೋಮೀಟರ್ ದೂರ. ಆದರೂ ಕಬಿನಿ ಬಲದಂಡೆ ನಾಲೆಯ ಬಾಲದಲ್ಲಿ ಕೂತಿರೋ ನಾವು ಆ ಕಥೆ ತಿಳ್ಕೊಂಡಿರಬೇಕು. ಅಲ್ಲಿ ತೆಲಂಗಾಣದ ರೈತರು ನಿಂತಿರೋ ಜಾಗದಲ್ಲೇ ಇಲ್ಲಿ ನಮ್ಮ ಹೋಬಳಿ ನಿಂತಿದೆ.

ಮೊದಲು ಅದೇ ನದಿಯ ಇನ್ನೊಂದು ರಿಪೇರಿ ನೋಡೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ಜಲಾಶಯ ಆಗ ತುಂಬಿತ್ತು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯದ ಬೆಳೆ ಅದರ ಮೇಲೆ ನಿಂತಿತ್ತು. ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದೇ ವಾರದಲ್ಲಿ ನೀರು ತಡೆದರು. ಆಮೇಲೆ ಹಳೇ 33 ಗೇಟೂ ಬದಲಿಸಬೇಕು ಅಂತ ಆಯ್ತು. ಅದಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರೇ ಬಿಡದೆ ಇರೋ ತೀರ್ಮಾನಕ್ಕೂ ಬರಬೇಕಾಯ್ತು. ರೈತರಿಗೆ ಅದು ಭಾರಿ ಪೆಟ್ಟು. ಆದರೂ ರಿಪೇರಿ ಬೇಡ ಅಂತ ಯಾವ ರಾಜ್ಯವೂ ಅಡ್ಡ ನಿಲ್ಲಲಿಲ್ಲ. ಕಾರಣ ಸರಳ. ಗೇಟ್ ಮುರಿದು ಹೋದ ನೀರಿನಿಂದ ಯಾರಿಗೂ ಲಾಭ ಇರಲಿಲ್ಲ, ನಷ್ಟ ಎಲ್ಲರದ್ದೂ ಆಗಿತ್ತು.

ಈಗ ಅದೇ ತುಂಗಭದ್ರೆಯಲ್ಲಿ ಕೆಳಗೆ, ಮಾನ್ವಿ ಸೀಮೆಯ ರಾಜಲಬಂಡಾಕ್ಕೆ ಬನ್ನಿ. ನದಿಗೆ ಅಡ್ಡ ಒಂದು ಒಡ್ಡು, ಎಡದಂಡೆಯಿಂದ ಹೊರಡೋ 143 ಕಿ.ಮೀ. ನಾಲೆ. ಅದರಲ್ಲಿ ಮೊದಲ ನಲವತ್ತೆರಡು ಚಿಲ್ಲರೆ ಕಿ.ಮೀ. ಕರ್ನಾಟಕದಲ್ಲಿ, ಉಳಿದ ನೂರು ಕಿ.ಮೀ. ತೆಲಂಗಾಣದಲ್ಲಿ. ಅಚ್ಚುಕಟ್ಟಿನ ಲೆಕ್ಕ ಇನ್ನೂ ವಿಚಿತ್ರ: ಕರ್ನಾಟಕದಲ್ಲಿ 5,879 ಎಕರೆ, ತೆಲಂಗಾಣದಲ್ಲಿ 87,500 ಎಕರೆ. ಬಚಾವತ್ ನ್ಯಾಯಮಂಡಳಿ ಕೊಟ್ಟ 17.1 ಟಿಎಂಸಿಯಲ್ಲಿ ನಮ್ಮ ರಾಜ್ಯಕ್ಕೆ 1.2, ಅವರಿಗೆ 15.9.

ತಲೆ ನಮ್ಮ ಕಡೆ, ಹೊಟ್ಟೆ ಅವರ ಕಡೆ ಆಗಿದ್ದು ಹೇಗೆ? ಕೆಲಸ ಶುರುವಾದಾಗ ಆ ನಾಲೆ ಪೂರ್ತಿ ಹೈದರಾಬಾದ್ ಸಂಸ್ಥಾನದ್ದು. ಆಲಂಪುರ, ಗದ್ವಾಲ್ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದವು. 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗಿ ರಾಯಚೂರು ಮೈಸೂರಿಗೆ, ಆ ಎರಡು ತಾಲ್ಲೂಕು ಆಂಧ್ರಕ್ಕೆ ಹೋದವು. ನಾಲೆ ಇದ್ದಲ್ಲೇ ಇತ್ತು, ಗಡಿ ಬಂದು ಅದರ ಮೇಲೆ ಕೂತಿತು. (ನಮಗೆ ಇದು ಹೊಸದಲ್ಲ. ಪಕ್ಕದ ಕೊಳ್ಳೇಗಾಲ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಿರಿಯರನ್ನ ಕೇಳಿದ್ರೆ ಇವತ್ತಿಗೂ ಹೇಳ್ತಾರೆ.)

ಆಮೇಲೆ ಶುರುವಾಯ್ತು ಹೂಳು, ಕಳೆ, ಕುಸಿದ ಏರಿ. ಕೊನೆ ಭಾಗದ ಆಲಂಪುರಕ್ಕೆ ನೀರು ತಲುಪಲಿಲ್ಲ. ನಾಲೆಯ ತಲೆ ಇರೋದು ಕರ್ನಾಟಕದಲ್ಲಿ, ಆದ್ದರಿಂದ ರಿಪೇರಿ ಮಾಡಬೇಕಾದವರು ನಾವು. ಆದರೆ ಅದರ ಲಾಭ ಪಡೆಯೋರು ಅವರು, ಹಾಗಾಗಿ ದುಡ್ಡು ಅವರದ್ದು. ಐದಾರು ಸಾವಿರ ಎಕರೆಯವನಿಗೆ ಎಂಬತ್ತೇಳು ಸಾವಿರ ಎಕರೆಯವನ ಅವಸರ ಎಲ್ಲಿಂದ ಬರಬೇಕು? ಇದು ಕೆಟ್ಟತನ ಅಲ್ಲ, ಮನುಷ್ಯ ಸ್ವಭಾವ. ಅಷ್ಟಾದ್ರೂ ಒಪ್ಪಂದ ಆಯ್ತು, ತೆಲಂಗಾಣದ ಹಣದಲ್ಲಿ ಆಧುನೀಕರಣ ಅಂತ ಕೆಲಸವೂ ಶುರುವಾಯ್ತು.

ಒಡ್ಡಿನ ರಿಪೇರಿ ಹತ್ತಿರ ಬಂದಾಗ ಸಿಕ್ಕಿಕೊಂಡಿತು. ಎದುರು ದಡ ಆಂಧ್ರದ ಕರ್ನೂಲು ಜಿಲ್ಲೆ. ಒಡ್ಡಿನಲ್ಲಿ ಸೋರಿದ, ತೂಬಿನಲ್ಲಿ ಜಾರಿದ ನೀರು ನದಿಯಲ್ಲೇ ಮುಂದಕ್ಕೆ ಹರಿದು ಸುಂಕೇಸುಲಕ್ಕೆ ಹೋಗುತ್ತೆ, ಅಲ್ಲಿಂದ ಕೆ.ಸಿ. ಕಾಲುವೆಗೆ. ಅಂದ್ರೆ ಇಲ್ಲಿ ಸೋರಿಕೆಗೆ ವಾರಸುದಾರರಿದ್ದಾರೆ. ಆಲಂಪುರದವರಿಗೆ ಸೋರಿಕೆ ಅಂದ್ರೆ ಕಳ್ಳತನ, ಕರ್ನೂಲಿನವರಿಗೆ ಅದೇ ಬೆಳೆ. ಒಡ್ಡು ಭದ್ರ ಮಾಡೋಕೆ ಹೋದಾಗೆಲ್ಲ ಆ ದಡದಿಂದ ವಿರೋಧ ಬಂತು, ಕೆಲಸ ನಿಂತಿತು. ತೆಲಂಗಾಣ ಹೋರಾಟದ ಕಾಲದಲ್ಲಿ ಈ ನಾಲೆ ದೊಡ್ಡ ಘೋಷಣೆಯೇ ಆಗಿಹೋಗಿತ್ತು, ಕೆ.ಚಂದ್ರಶೇಖರ ರಾವ್ 2003ರಲ್ಲಿ ಆಲಂಪುರದಿಂದ ಗದ್ವಾಲ್‌ಗೆ ಪಾದಯಾತ್ರೆ ಮಾಡಿದ್ದು ಇದೇ ವಿಷಯಕ್ಕೆ. ಕೊನೆಗೆ ತೆಲಂಗಾಣ ಕಾಯೋದು ಬಿಟ್ಟು ಸುಂಕೇಸುಲ ಹಿನ್ನೀರಿನಿಂದ ತುಮ್ಮಿಳ್ಳ ಏತ ನೀರಾವರಿ ಕಟ್ಟಿಕೊಂಡಿತು. ತಾನಾಗಿ ಹರಿದು ಬರಬೇಕಾದ ನೀರನ್ನ ಮೋಟರ್ ಇಟ್ಟು ಎತ್ತೋದು. ಕರೆಂಟ್ ಬಿಲ್ ಮಾತ್ರ ಶಾಶ್ವತ.

ಇಷ್ಟು ಕೇಳಿದ ಮೇಲೆ ನಮ್ಮ ನಾಲೆಗೆ ಬರೋಣ.

ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಗರಿಷ್ಠ ಮಟ್ಟ 2,284 ಅಡಿ. ಮಳೆ ಬೀಳೋದು ಕೇರಳದ ವಯನಾಡಿನಲ್ಲಿ, ಕಟ್ಟೆ ಇರೋದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ನದಿಗೆ ಬಿಟ್ಟ ನೀರು ಕೊನೆಗೆ ಸೇರೋದು ತಮಿಳುನಾಡಿನ ಲೆಕ್ಕಕ್ಕೆ. ಮಧ್ಯದಲ್ಲಿ ಬಲದಂಡೆ ನಾಲೆ ನಂಜನಗೂಡು, ತಿ.ನರಸೀಪುರ ಸೀಮೆ ದಾಟಿ ನಮ್ಮ ಹೋಬಳಿಗೆ, ಯಳಂದೂರು ಕಡೆಗೆ ಬರುತ್ತೆ. ಬರೋ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅನ್ನೋದು ಇಲ್ಲಿನ ಗೊಬ್ಬರದ ಅಂಗಡಿಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ನಾಟಿ ಆದ್ರೆ ಬಾಕಿ ಪುಸ್ತಕ ತೀರುತ್ತೆ. ನಾಟಿ ಹದಿನೈದು ದಿನ ತಡ ಆದ್ರೆ ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಬಟ್ಟೆ ಅಂಗಡಿ ಎಲ್ಲಾ ಕಡೆ 'ಸುಗ್ಗಿಗೆ ಕೊಡ್ತೀನಿ ಬುಡಣ್ಣ' ಅನ್ನೋ ಮಾತೇ.

ಕೊನೆ ಭಾಗಕ್ಕೆ ನೀರಿಲ್ಲ ಅಂದಾಗೆಲ್ಲ ನಮ್ಮ ಬೇಡಿಕೆ ಒಂದೇ: ಹೂಳು ತೆಗೀರಿ, ಲೈನಿಂಗ್ ಮಾಡಿ. ತಪ್ಪಲ್ಲ. ಆದರೆ ಇಲ್ಲೂ ಸೋರಿಕೆಗೆ ವಾರಸುದಾರರಿದ್ದಾರೆ ಅನ್ನೋದನ್ನ ನಾವು ಮಾತಾಡಲ್ಲ. ಮೇಲ್ಭಾಗದಲ್ಲಿ ನಾಲೆಗೆ ಪೈಪ್ ಇಳಿಬಿಟ್ಟವರು ಒಂದು ಕಡೆ. ಅರೆ ಖುಷ್ಕಿ ಬೆಳೀಬೇಕಾದ ಕಡೆ ಭತ್ತ ಹಾಕೋರು ಇನ್ನೊಂದು ಕಡೆ. ಇವರ ಜೊತೆಗೆ ಯಾವ ತಪ್ಪೂ ಮಾಡದವರೂ ಇದ್ದಾರೆ: ನಾಲೆ ಪಕ್ಕದ ಬಾವಿ, ಬೋರ್‌ವೆಲ್ ನಂಬಿ ಬಾಳೆ, ಅರಿಶಿನ, ಹಿಪ್ಪುನೇರಳೆ ಇಟ್ಟೋರು. ನಾಲೆ ಸೋರಿದ್ರೆ ಅವರ ಬಾವಿ ತುಂಬುತ್ತೆ. ಕಾಂಕ್ರೀಟ್ ಬಿದ್ದ ಮರುವರ್ಷ ಬಾವಿ ಇಳಿದ್ರೆ ಅವರು ಯಾರನ್ನ ಕೇಳಬೇಕು? ಆ ರೈತರಲ್ಲಿ ನಮ್ಮ ಹೋಬಳಿಯವರೂ ಇದ್ದಾರೆ.

ಮೂರನೇ ವಾರಸುದಾರ ಗಡಿ ಆಚೆ ಇದ್ದಾರೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹೋಗಬೇಕು. ಅದನ್ನ ಅಳೆಯೋದು ಕಬಿನಿ ಗೇಟಿನಲ್ಲಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಈ ಒಂದು ವಿಷಯ ನಮ್ಮ ಲೆಕ್ಕವನ್ನೇ ಬದಲಾಯಿಸುತ್ತೆ. ನಮ್ಮ ಸೀಮೆಯಲ್ಲಿ ನಾಲೆಯಿಂದ, ಗದ್ದೆಯಿಂದ ಬಸಿದು ಹೋಗೋ ನೀರಲ್ಲಿ ಒಂದು ಪಾಲು ಹಳ್ಳಕ್ಕೆ, ಸುವರ್ಣಾವತಿಗೆ ಇಳಿದು ಕೊಳ್ಳೇಗಾಲದ ಹತ್ತಿರ ಕಾವೇರಿ ಸೇರುತ್ತೆ. ಅಲ್ಲಿಂದ ಮುಂದೆ ಬಿಳಿಗುಂಡ್ಲು. ಅಂದ್ರೆ ಆ ಪಾಲು ವ್ಯರ್ಥ ಆಗಿಲ್ಲ, ತಮಿಳುನಾಡಿಗೆ ಕೊಟ್ಟ ಲೆಕ್ಕದಲ್ಲಿ ಸೇರಿಹೋಗಿದೆ. ಅದನ್ನ ನಾಲೆಯಲ್ಲೇ ಹಿಡಿದ್ರೆ ಅಷ್ಟನ್ನ ಬೇರೆ ಕಡೆಯಿಂದ ತುಂಬಿಕೊಡಬೇಕಾಗುತ್ತೆ.

ಹಂಗಂತ ಲೈನಿಂಗ್ ಬೇಡ ಅಂತಲ್ಲ. ಕಳೆಯಲ್ಲಿ, ನಿಂತ ನೀರಲ್ಲಿ ಆವಿಯಾಗಿ ಹೋಗೋದು ನಿಜವಾದ ನಷ್ಟ. ಅದಕ್ಕಿಂತ ದೊಡ್ಡದು ಹೊತ್ತಿನ ನಷ್ಟ: ನಾಟಿ ಕಾಲಕ್ಕೆ ಸಿಗದೇ ತಿಂಗಳ ಮೇಲೆ ಹಳ್ಳದಲ್ಲಿ ಹರಿದ ನೀರು ಗದ್ದೆಯವನಿಗೆ ಯಾವ ಉಪಯೋಗಕ್ಕೂ ಬರಲ್ಲ. ಆದರೆ 'ಲೈನಿಂಗ್ ಆದ್ರೆ ಇಷ್ಟು ಟಿಎಂಸಿ ಉಳಿತಾಯ' ಅಂತ ವೇದಿಕೆ ಮೇಲೆ ಹೇಳೋ ಅಂಕಿಯಲ್ಲಿ ಪ್ರತಿ ಹನಿಯೂ ಹೊಸ ನೀರಲ್ಲ. 2023ರಂಥ ಬರದ ವರ್ಷ ಬಂದಾಗ ಇದು ಗೊತ್ತಾಗುತ್ತೆ. ಆ ಸೆಪ್ಟೆಂಬರ್‌ನಲ್ಲಿ 5,000 ಕ್ಯುಸೆಕ್ ಬಿಡಿ ಅನ್ನೋ ಆದೇಶಕ್ಕೆ 29ರಂದು ರಾಜ್ಯವೇ ಬಂದ್ ಆಗಿತ್ತು. ಎರಡೂ ಕಡೆ ಕೊನೇ ಹನಿಯ ಲೆಕ್ಕ ಹಾಕೋ ಹೊತ್ತಿನಲ್ಲಿ ಬಸಿದು ಹೋದ ನೀರೂ ಲೆಕ್ಕಕ್ಕೆ ಬರುತ್ತೆ.

ಹಾಗಾಗಿ ಈ ವರದಿಗಾರನ ಅಭಿಪ್ರಾಯದಲ್ಲಿ ನಮ್ಮ ಹೋಬಳಿ ಮೊದಲು ಕೇಳಬೇಕಾದ್ದು ಸಿಮೆಂಟ್ ಅಲ್ಲ, ಅಳತೆ. ನಾಲೆ ನಮ್ಮ ಹೋಬಳಿಗೆ ಕಾಲಿಡೋ ಜಾಗದಲ್ಲಿ ಒಂದು ಗೇಜು, ಪಕ್ಕದಲ್ಲಿ ಒಂದು ಬೋರ್ಡು: ಇವತ್ತು ಬರಬೇಕಾದ್ದು ಎಷ್ಟು, ಬಂದದ್ದು ಎಷ್ಟು. ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ಆ ಅಂಕಿ ಕೈಯಲ್ಲಿದ್ರೆ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನಮ್ಮವರ ಮಾತು ಗೋಳಾಗಿ ಉಳಿಯಲ್ಲ, ಲೆಕ್ಕ ಆಗುತ್ತೆ. ಮೇಲ್ಭಾಗದವರ ಜೊತೆ ಸರದಿ ಮಾತಾಡೋದು ಆಗ ಸಾಧ್ಯ. ತಲೆ ಭಾಗದಲ್ಲಿ ಸರದಿ ನಿಲ್ಲಿಸದೆ ನಮ್ಮ ಬಾಲದಲ್ಲಿ ಮಾತ್ರ ಹೂಳು ತೆಗೆದ್ರೆ ಒಣಗಿದ ಚೊಕ್ಕಟ ನಾಲೆ ಸಿಗುತ್ತೆ, ಅಷ್ಟೇ.

ಎರಡನೇದು, ನಾಲೆ ಪಕ್ಕದ ಬಾವಿಯವರನ್ನ ಮೊದಲೇ ಕೂರಿಸಿ ಮಾತಾಡಬೇಕು. ಎಲ್ಲಿ ಕಾಂಕ್ರೀಟ್, ಎಲ್ಲಿ ಬರೀ ಏರಿ ಭದ್ರ, ಯಾವ ಕೆರೆಗೆ ನೀರು ಬಿಟ್ಟು ಬಾವಿ ಉಳಿಸೋದು ಅಂತ ನಾಲೆಯ ಒಂದೊಂದು ಭಾಗಕ್ಕೂ ತೀರ್ಮಾನ ಆಗಬೇಕು. ರಾಜಲಬಂಡಾದಲ್ಲಿ ಆಗದೇ ಹೋದದ್ದು ಇದೇ. ಕಾಗದದ ಮೇಲೆ ರಾಜ್ಯ ರಾಜ್ಯ ಒಪ್ಪಿಕೊಂಡವು, ಸೋರಿಕೆ ನೀರಲ್ಲಿ ಬದುಕು ಕಟ್ಟಿಕೊಂಡಿದ್ದೋರನ್ನ ಒಪ್ಪಿಸೋಕೆ ಆಗಲಿಲ್ಲ.

ಗುಂಡ್ಲುಪೇಟೆ ಕಡೆಯವರ ವಿಷಯ ಬೇರೆ. ಅವರ ನೆಲ ಎತ್ತರ, ಕಬಿನಿ ನೀರು ಬೇಕಂದ್ರೆ ಎತ್ತಲೇಬೇಕು, ಬೇರೆ ದಾರಿ ಇಲ್ಲ. ನಮಗೆ ಮೋಟರ್ ಬೇಡ, ಇಳಿಜಾರಿದೆ. ಆದರೆ ನಾಲೆ ಸರಿಹೋಗದೆ ಇನ್ನೊಂದಿಷ್ಟು ವರ್ಷ ಕಳೆದ್ರೆ ನಮ್ಮ ಕಡೆಗೂ ಯಾರಾದ್ರೂ 'ಏತ ನೀರಾವರಿ ಮಾಡಿಸಿಕೊಡ್ತೀವಿ' ಅಂತ ಬರ್ತಾರೆ, ನಾವೂ ಹಾರ ಹಾಕಿ ಕರ್ಕೊತೀವಿ. ಅದಕ್ಕೆ ಮುಂಚೆ, ಮುಂದಿನ ಸಲ ನಾಲೆಗೆ ನೀರು ಬಿಡೋ ದಿನಾಂಕ ಗೊತ್ತಾದಾಗ ನೀರು ಬಳಕೆದಾರರ ಸಂಘದವರನ್ನ ಈ ಎರಡು ಪ್ರಶ್ನೆ ಕೇಳಿ ನೋಡಿ: ನಮ್ಮ ಹೋಬಳಿ ಪಾಲಿಗೆ ಎಷ್ಟು ಕ್ಯುಸೆಕ್, ಅದನ್ನ ಅಳೆಯೋರು ಯಾರು?