ಕಲ್ಲು ಉರುಳಿಸುವವರು ಯಾರು?

ಈಸ್ಟರ್ ಬೆಳಗಿನ ಕತೆಯಲ್ಲಿ ನನಗೆ ತುಂಬ ಹಿಡಿಸಿದ್ದು ಆ ಹೆಂಗಸರ ತಪ್ಪು ಲೆಕ್ಕ. ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ, ಮಾರ್ಕನ ಸುವಾರ್ತೆಯ ಈ ಮೂವರು ಹೊತ್ತು ಮೂಡುವಾಗ ಸಮಾಧಿಯ ಕಡೆ ಹೊರಡುತ್ತಾರೆ. ಕೈಯಲ್ಲಿ ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ. ಯೇಸು ಎದ್ದಿರುತ್ತಾನೆಂದು ನಂಬಿ ಹೊರಟವರಲ್ಲ ಅವರು. ಸತ್ತವನಿಗೆ ಮಾಡಬೇಕಾದ ಕೆಲಸ ಬಾಕಿ ಇತ್ತು, ಸಬ್ಬತ್ ಕಳೆಯಿತು, ಹೊರಟರು. ಬಾಗಿಲಿಗಿಟ್ಟ ಆ ದೊಡ್ಡ ಕಲ್ಲನ್ನು ಉರುಳಿಸುವವರು ಯಾರು ಎಂಬುದೇ ದಾರಿಯುದ್ದಕ್ಕೂ ಅವರ ಚಿಂತೆ. ಉತ್ತರ ಸಿಕ್ಕಿರಲಿಲ್ಲ, ಹಾಗೆಂದು ಯಾರೂ ಮನೆಗೆ ಮರಳಲಿಲ್ಲ.

ಪುನರುತ್ಥಾನದ ಗಳಿಗೆಯನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ಬರಗಾಲದಲ್ಲಿ ಹಸಿದ ಜನ ಕೂಳಿಗಾಗಿ ಕಲ್ಲು ಹೊತ್ತು ಕಟ್ಟಿದ, 1924ರ ಡಿಸೆಂಬರ್ 25ರಂದು ಪ್ರತಿಷ್ಠೆಗೊಂಡ ಮೆದಕ್ ಕೆಥೆಡ್ರಲಿನಲ್ಲೂ ಮೂರು ಬಣ್ಣಗಾಜಿನ ಕಿಟಕಿಗಳಿಗೆ ಜನನ, ಶಿಲುಬೆ, ಸ್ವರ್ಗಾರೋಹಣ ಸಾಕಾಗಿವೆ. ಆ ಬೆಳಗಿಗೆ ಸಾಕ್ಷಿ ಎಂದರೆ ಮೊದಲು ಹೋದ ಹೆಂಗಸರು. ಅವರು ಮರಳಿ ಬಂದು ಹೇಳಿದಾಗ ಗಂಡಸರು ಅದನ್ನು ಹುಚ್ಚು ಮಾತೆಂದು ತಳ್ಳಿಹಾಕಿದರು ಎನ್ನುತ್ತಾನೆ ಲೂಕ.

ನಂಬಿಕೆ ಸಿಗದ ಹೆಂಗಸರ ಮಾತು ಎಂದಾಗಲೆಲ್ಲ ನನಗೆ ನೆನಪಾಗುವುದು ಜಹೀರಾಬಾದು ಸೀಮೆಯ ಝರಾಸಂಗಂ. ಜಹೀರಾಬಾದು, ನಾರಾಯಣಖೇಡಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗದ್ದು. ನಮ್ಮ ಕಡೆಯವರಿಗೆ ಝರಾಸಂಗಂ ಎಂದರೆ ಕೇತಕಿ ಸಂಗಮೇಶ್ವರನ ಗುಡಿ, ಅಷ್ಟೇ. ಅದೇ ಮಂಡಲದ ಮಾಚನೂರನ್ನು ಕೇಳಿದವರು ಕಡಿಮೆ. ಅಲ್ಲಿ ದಲಿತ ಹೆಂಗಸರು ನಡೆಸುವ ಸಂಘಂ ರೇಡಿಯೋ ಹುಟ್ಟಿತು. ಯುನೆಸ್ಕೋ ನೆರವಿನಿಂದ ಸ್ಟುಡಿಯೋ ತೊಂಬತ್ತರ ದಶಕದಲ್ಲೇ ಸಿದ್ಧವಾಗಿತ್ತು, ಪರವಾನಗಿ ಮಾತ್ರ ಇರಲಿಲ್ಲ. ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಇಬ್ಬರು ನರಸಮ್ಮರು ಮಾತು, ಹಾಡು ಎಲ್ಲವನ್ನೂ ಧ್ವನಿಮುದ್ರಿಸುತ್ತ ಹೋದರು. ಕೇಳುಗರಿಗೆ ಗಾಳಿಯಲ್ಲಿ ತಲುಪಬೇಕಾದದ್ದು ಕ್ಯಾಸೆಟ್ಟಿನಲ್ಲಿ ಹೆಂಗಸರ ಸಂಘದ ಸಭೆಗಳಿಗೆ ಹೋಯಿತು. ಹೀಗೆ ಹತ್ತು ವರ್ಷ. ಗಾಳಿಯಲೆಗಳು ಜನರ ಸೊತ್ತು ಎಂದು 1995ರಲ್ಲಿ ತೀರ್ಪಿತ್ತಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತರೇ ಬಂದು 2008ರ ಅಕ್ಟೋಬರ್ 15ರಂದು ಪ್ರಸಾರ ಉದ್ಘಾಟಿಸಿದರು. ಕಲ್ಲು ಉರುಳುವುದೋ ಇಲ್ಲವೋ ತಿಳಿಯದೆ ಹತ್ತು ವರ್ಷ ಧ್ವನಿ ಮುದ್ರಿಸಿಡುವುದೆಂದರೆ!

ಈ ರೇಡಿಯೋದ ಹಿಂದಿನ ಸಂಸ್ಥೆ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು 1983ರಲ್ಲಿ ಗೆಳೆಯರೊಂದಿಗೆ ಕಟ್ಟಿದವರು ನಮ್ಮ ಮೈಸೂರಿನ ಪಿ.ವಿ. ಸತೀಶ್. ಅದು ಕ್ರೈಸ್ತ ಸಂಸ್ಥೆಯಲ್ಲ. ಅದರ ಹೆಂಗಸರನ್ನು ಸುವಾರ್ತೆಯ ಹೆಂಗಸರ ಪಕ್ಕದಲ್ಲಿ ನಿಲ್ಲಿಸುತ್ತಿರುವುದು ನಾನು, ಅವರಲ್ಲ. ಆದರೆ ಈ ಸೀಮೆಯ ದಲಿತ ಕೇರಿಗಳಲ್ಲಿ ಮೆಥಡಿಸ್ಟ್ ಸಭೆಗಳು ಹಳೆಯವು. ಈಸ್ಟರ್ ಅಲ್ಲಿ ಸಮಾಧಿಗಳ ಹಬ್ಬವೂ ಹೌದು: ಗೋರಿಗೆ ಸುಣ್ಣ, ಹೂವು, ನಸುಕಿನಲ್ಲಿ ಮೇಣದ ಬತ್ತಿ.

ಬಿತ್ತಿದ ಬೀಜ ಸತ್ತಲ್ಲದೆ ಚಿಗುರದು ಎಂಬ ಪೌಲನ ಹೋಲಿಕೆಯನ್ನು ಪ್ರಸಂಗಿಗಳು ಪ್ರತಿ ಈಸ್ಟರಿಗೂ ಬಳಸಿ ಸವೆಸಿದ್ದಾರೆ. ಅದರಲ್ಲಿ ಯುರೋಪಿನ ವಸಂತದ ವಾಸನೆಯೂ ಸೇರಿಕೊಂಡಿದೆ. ನಮ್ಮ ಬಯಲುಸೀಮೆಯಲ್ಲಿ ಈಸ್ಟರ್ ಬರುವುದು ಹೊಲ ಬೋಳಾಗಿ ಬಿಸಿಲು ಕಾಯುವ ತಿಂಗಳಲ್ಲಿ. ಹಿಂಗಾರಿನ ಜೋಳ, ಕಡಲೆ, ಕುಸುಬೆಯ ಸುಗ್ಗಿ ಮುಗಿದಿರುತ್ತದೆ. ಇಬ್ಬನಿಯನ್ನೇ ನೆಚ್ಚಿ ಬೆಳೆಯುವ ಅವನ್ನು ಈ ಸಂಘದ ಹೆಂಗಸರು ಸತ್ಯಂ ಪಂಟಲು, ಸತ್ಯದ ಬೆಳೆ ಎನ್ನುತ್ತಾರೆ. ಬೀಜ ಮಣ್ಣಿಗಿಳಿಯಲು ಇನ್ನೂ ತಿಂಗಳುಗಳಿವೆ. ಈಗ ಅದಕ್ಕೆ ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಬುಟ್ಟಿಯ ಬಾಯಿಗೆ ಮಣ್ಣು, ಸೆಗಣಿ ಮೆತ್ತಿ ಕತ್ತಲ ಮೂಲೆಯಲ್ಲಿಡುವ ಕಾಲ. ಮಳೆಯ ಖಾತರಿ ಯಾರಿಗೂ ಇಲ್ಲ. ಹಸಿವೆಯಾದರೂ ಆ ಬುಟ್ಟಿಗೆ ಕೈಹಾಕುವಂತಿಲ್ಲ. ಬೀಜ ತಾನಾಗಿ ಉಳಿಯುವುದಿಲ್ಲ, ಹುಳ ಹಿಡಿಯದಂತೆ ಒಬ್ಬಳು ಕಾಯಬೇಕು. ಪೌಲ ಈ ಮಾತನ್ನು ಹೇಳದೆ ಬಿಟ್ಟ. ಬುಟ್ಟಿಗೆ ಮಣ್ಣು ಮೆತ್ತಿದವನಲ್ಲವಲ್ಲ.

ಸತ್ತವರು ಏಳುತ್ತಾರೆಯೇ ಎಂದು ಈ ಟಿಪ್ಪಣಿ ವಾದಿಸುವುದಿಲ್ಲ. ಕ್ರೈಸ್ತರಿಗೆ ಅದು ವಿಶ್ವಾಸ, ಉಳಿದವರಿಗೆ ಕತೆ. ಎರಡರಲ್ಲೂ ಆ ಮೂವರು ಹೆಂಗಸರು ಹೊರಟದ್ದು ಮಾತ್ರ ಭರವಸೆ ಹುಟ್ಟುವುದಕ್ಕೆ ಮೊದಲೇ. ನಿರಾಶೆಯನ್ನು ಜಾಣತನವೆಂದು ತಿಳಿದ ನಮ್ಮಂಥ ಓದುಬರಹದವರಿಗೆ ಇದು ಸ್ವಲ್ಪ ಮುಜುಗರದ ಸಂಗತಿ. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು, ಆ ವರ್ಷದ ಈಸ್ಟರಿಗೆ ಸರಿಯಾಗಿ ಮೂರು ವಾರ ಮುಂಚೆ. ಬೀಜದ ಬುಟ್ಟಿಗಳಿಗೆ ಎಂದಿನಂತೆ ಮಣ್ಣು ಮೆತ್ತುವ ದಿನಗಳವು.

ಜಹೀರಾಬಾದು, ನಾರಾಯಣಖೇಡ, ತಾಂಡೂರು ಸೀಮೆಯ ಓದುಗರಲ್ಲಿ ಒಂದು ವಿನಂತಿ: ಈಸ್ಟರಿನ ನಸುಕಿನಲ್ಲಿ ನಿಮ್ಮೂರಿನ ಗೋರಿಗಳ ಬಳಿ ಕನ್ನಡದಲ್ಲಿ ಏನಾದರೂ ಹಾಡುವ ಅಜ್ಜಿಯರಿದ್ದರೆ, ಅವರ ಒಪ್ಪಿಗೆ ಪಡೆದು, ಕೇಳಿದ್ದನ್ನು ಬರೆದು ನಮಗೆ ಕಳಿಸಿ.